ಒಳಗಿನ ಡಯಲಪ್ ಮೋಡೆಮ್ ಮತ್ತು ಲಿನಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ, ಘಟ್ಟದ ಕೆಳಗೆ ಕುಮಟೆ, ಅಂಕೋಲೆ, ಕಾರವಾರದಿಂದ ಫೋನಿನಲ್ಲಿ, ಪತ್ರದಲ್ಲಿ, ಕೆಲವೊಮ್ಮೆ ಮದುವೆಮನೆಯ ಊಟದ ಪಂಕ್ತಿಯಲ್ಲೂ ಬರುತ್ತಿದ್ದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಇದು 2008ರ ಸುಮಾರಿನ ಮಾತು. ಪೇಟೆಯಲ್ಲಿ ಬ್ರಾಡ್‌ಬ್ಯಾಂಡ್ ಬಂದಿತ್ತು, ನಿಜ. ಆದರೆ ಎಕ್ಸ್‌ಚೇಂಜಿನಿಂದ ದೂರ ಇರುವ ತೋಟದ ಮನೆಗಳಿಗೆ ಆಗಲೂ ಹಳೆ ಫೋನ್ ತಂತಿಯೇ ಗತಿಯಾಗಿತ್ತು. ಆ ಮನೆಗಳ ಹುಡುಗ ಹುಡುಗಿಯರು ಲಿನಕ್ಸ್ ಹಾಕಿ, ವಾರದೊಳಗೆ ತೆಗೆದು, ಮತ್ತೆ ವಿಂಡೋಸಿಗೆ ಹೋಗುತ್ತಿದ್ದುದು ಹೆಚ್ಚಾಗಿ ಈ ಒಂದು ಮೋಡೆಮ್ಮಿನ, ಅಂದರೆ ಕಂಪ್ಯೂಟರಿನೊಳಗೆ ಕೂತು ಫೋನ್ ತಂತಿಯಲ್ಲಿ ನೆಟ್ ತರುವ ಕಾರ್ಡಿನ ಕಾರಣಕ್ಕೆ. ಅದು ಆಗಬಾರದು ಅಂತಲೇ ಇಷ್ಟು ಉದ್ದ ಬರೆದಿದ್ದು.

ಇಲ್ಲಿ ಹೇಳಿದ್ದು ಲಿನಕ್ಸಿನ ಎರಡು ಬಗೆಗಳಾದ ಉಬುಂಟು 8.04 (2008) ಮತ್ತು ಡೆಬಿಯನ್ 4.0ಕ್ಕೆ (2007) ಹೊಂದುತ್ತದೆ. ಆದೇಶಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಮೋಡೆಮ್ಮಿಗೆ ಕೊಡುವ, ಎಟಿ ಅಂತ ಶುರುವಾಗುವ ಆದೇಶಗಳು ದೊಡ್ಡಕ್ಷರ, ಟರ್ಮಿನಲ್ಲಿನ (ಟೈಪ್ ಮಾಡಿ ಕೆಲಸ ಹೇಳುವ ಕಿಟಕಿಯ) ಆದೇಶಗಳು ಸಣ್ಣಕ್ಷರ.

## ಶುರುವಿಗೆ

ವಿಂಡೋಸಲ್ಲಿ ಲಾಯ್ಕಾಗಿ ಓಡ್ತಿತ್ತು, ಉಬುಂಟು ಹಾಕಿದ್ಮೇಲೆ ಮೋಡೆಮ್ಮೇ ಇಲ್ಲ ಅಂತದೆ. ಸುಟ್ಟು ಹೋಯ್ತಾ?

ಸುಟ್ಟಿಲ್ಲ. ನಿಮ್ಮ ಕಾರ್ಡು ಅರ್ಧ ಮೋಡೆಮ್, ಅಷ್ಟೇ.

ಪೂರ್ತಿ ಮೋಡೆಮ್ಮಿನೊಳಗೆ ಎರಡು ಕೆಲಸ ನಡೆಯುತ್ತದೆ. ಆದೇಶ ಕೇಳಿ ಡಯಲ್ ಮಾಡುವುದು, ದಾರಿಯಲ್ಲಿ ಕೆಟ್ಟ ಮಾಹಿತಿಯನ್ನು ಮತ್ತೆ ತರಿಸಿಕೊಳ್ಳುವುದು ಒಂದು. ಅದಕ್ಕೆ ಕಂಟ್ರೋಲರ್ ಇರುತ್ತದೆ. ಅಂಕಿಗಳನ್ನು ಸದ್ದು ಮಾಡಿ ತಂತಿಗೆ ಬಿಡುವುದು, ಬಂದ ಸದ್ದನ್ನು ಮತ್ತೆ ಅಂಕಿ ಮಾಡುವುದು ಇನ್ನೊಂದು, ಅದಕ್ಕೆ ಡಿಎಸ್‌ಪಿ. 1990ರ ದಶಕದ ಕೊನೆಗೆ ಬೆಲೆ ಇಳಿಸಬೇಕು ಅಂತ ಕಂಪನಿಗಳು ಇದರಲ್ಲಿ ಒಂದನ್ನೋ, ಎರಡನ್ನೂ ಸೇರಿಸಿಯೋ ಕಾರ್ಡಿನಿಂದ ತೆಗೆದವು. ಆ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರ್ ತಲೆಗೆ ಕಟ್ಟಿದವು. ಹಾಗೆ ಮಾಡಿಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಬಹುಪಾಲು ವಿಂಡೋಸಿಗೆ ಮಾತ್ರ ಬಂತು. ಅದಕ್ಕೇ ಇವಕ್ಕೆ ವಿನ್‌ಮೋಡೆಮ್ ಅಂತ ಹೆಸರು ಬಿತ್ತು. ಲಿನಕ್ಸಿನಲ್ಲಿ ಆ ಡ್ರೈವರ್ ನಾವೇ ಹುಡುಕಿ ಹಾಕಬೇಕು. ಹಲವು ಚಿಪ್‌ಗಳಿಗೆ ಸಿಗುತ್ತದೆ.

ಡಬ್ಬದ ಮೇಲೆ ಒಂದು ಹೆಸರು, ಕಾರ್ಡಿನ ಮೇಲೆ ಇನ್ನೊಂದು. ನಂದು ಯಾವ ಮೋಡೆಮ್ ಅಂತ ಹ್ಯಾಂಗೆ ತಿಳಿಯೋದು?

ಡಬ್ಬ ಬಿಡಿ. ಕಾರ್ಡಿನ ಬ್ರ್ಯಾಂಡೂ ಬಿಡಿ. ಬೇಕಾದದ್ದು ಚಿಪ್ಪಿನ ಹೆಸರು ಮಾತ್ರ. ಒಂದೇ ಬ್ರ್ಯಾಂಡಿನ ಡಬ್ಬದಲ್ಲಿ ಈ ವರ್ಷ ಒಂದು ಚಿಪ್ಪು, ಮುಂದಿನ ವರ್ಷ ಇನ್ನೊಂದು ಬಂದಿರುತ್ತದೆ. ಇದನ್ನು ನೋಡದೇ ಡ್ರೈವರ್ ಇಳಿಸಿದವರೇ ವಾರಗಟ್ಟಲೆ ಒದ್ದಾಡುವುದು.

ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಅಂತ ಕೊಡಿ, ಮುಂದೆ ಜಾಗ ಬಿಟ್ಟು ಮೈನಸ್ ಚಿಹ್ನೆ, ಎರಡು ಎನ್. ಬರುವ ಸಾಲುಗಳಲ್ಲಿ 'ಕಮ್ಯುನಿಕೇಶನ್ ಕಂಟ್ರೋಲರ್' ಅಂತ ಇದ್ದರೆ ಹೆಚ್ಚಾಗಿ ಅದು ವಿನ್‌ಮೋಡೆಮ್. 'ಸೀರಿಯಲ್ ಕಂಟ್ರೋಲರ್' ಅಂತ ಇದ್ದು 16550 ಅನ್ನುವ ಅಂಕಿಯೂ ಕಂಡರೆ ಖುಷಿಪಡಿ, ಅದು ಹೆಚ್ಚಾಗಿ ಪೂರ್ತಿ ಮೋಡೆಮ್, ಡ್ರೈವರ್ ಬೇಡವೇ ಬೇಡ. ಅದೇ ಸಾಲಿನ ಕೊನೆಗೆ ಚೌಕಾಕಾರದ ಆವರಣದಲ್ಲಿ ನಾಲ್ಕು ನಾಲ್ಕು ಅಕ್ಷರದ ಎರಡು ಗುರುತು ಇರುತ್ತದೆ. ಮೊದಲಿನದು ಚಿಪ್ ಮಾಡಿದವರದು. 11ಸಿ1 ಅಂದರೆ ಲೂಸೆಂಟ್ ಅಥವಾ ಅಗೇರ್, 14ಎಫ್1 ಅಂದರೆ ಕೊನೆಕ್ಸೆಂಟ್, 8086 ಅಂದರೆ ಇಂಟೆಲ್, 134ಡಿ ಅಂದರೆ ಪಿಸಿಟೆಲ್, 163ಸಿ ಅಂದರೆ ಸ್ಮಾರ್ಟ್ ಲಿಂಕ್, 1057 ಅಂದರೆ ಮೊಟೊರೊಲಾ. ಎರಡೂ ಗುರುತುಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಯಾರ ಹತ್ತಿರ ಸಹಾಯ ಕೇಳುವುದಾದರೂ ಮೊದಲು ಇದನ್ನು ಹೇಳಿ, ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ವಿಂಡೋಸಲ್ಲಿ ಕಾಮ್3 ಅಂತಿತ್ತು. ಇಲ್ಲಿ ಅದು ಎಲ್ಲಿ ಹೋಯ್ತು?

ಲಿನಕ್ಸ್ ಸೊನ್ನೆಯಿಂದ ಎಣಿಸುತ್ತದೆ. ಕಾಮ್1 ಇಲ್ಲಿ ಟಿಟಿವೈಎಸ್0, ಕಾಮ್3 ಅಂದರೆ ಟಿಟಿವೈಎಸ್2. ಎಲ್ಲ 'ಡೆವ್' ಫೋಲ್ಡರಿನೊಳಗೆ ಇರುತ್ತವೆ. ಎಸ್ ಮಾತ್ರ ದೊಡ್ಡಕ್ಷರ, ಮರೆಯಬೇಡಿ. ಆದರೆ ಈ ಲೆಕ್ಕ ಪೂರ್ತಿ ಮೋಡೆಮ್ಮಿಗೆ ಮಾತ್ರ. ವಿನ್‌ಮೋಡೆಮ್ಮಿಗೆ ಅದರ ಡ್ರೈವರ್ ಬೇರೆ ಹೆಸರು ಹುಟ್ಟಿಸುತ್ತದೆ. ಸ್ಮಾರ್ಟ್ ಲಿಂಕಿಗೆ ಟಿಟಿವೈಎಸ್‌ಎಲ್0, ಕೊನೆಕ್ಸೆಂಟ್ ಎಚ್‌ಎಸ್‌ಎಫ್‌ಗೆ ಟಿಟಿವೈಎಸ್‌ಎಚ್‌ಎಸ್‌ಎಫ್0, ಹೀಗೆ. ಡ್ರೈವರ್ ಹಾಕುವ ಮೊದಲು ಟಿಟಿವೈಎಸ್2ರಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

## ಡ್ರೈವರ್

ಯಾವ ಚಿಪ್ಪಿಗೆ ಯಾವ ಡ್ರೈವರ್ ಹಾಕ್ಬೇಕು?

ಲೂಸೆಂಟ್ ಅಥವಾ ಅಗೇರ್ ಇದ್ದರೆ ನೀವು ಅದೃಷ್ಟವಂತರು. ಅದರಲ್ಲಿ ಬಹಳ ಮಾದರಿಗಳಿಗೆ ಕಾರ್ಡಿನ ಮೇಲೆಯೇ ಡಿಎಸ್‌ಪಿ ಇದೆ, ಕಂಟ್ರೋಲರ್ ಮಾತ್ರ ಇಲ್ಲ. ಹಾಗಾಗಿ ಹಳೆ ಪೆಂಟಿಯಂ ಮೇಲೂ ಹಗುರವಾಗಿ ಓಡುತ್ತದೆ. ಮೊದಲು ಎಲ್‌ಟಿಮೋಡೆಮ್ ಅಂತ ಡ್ರೈವರ್ ಇತ್ತು, ಆಮೇಲಿನ ಲಿನಕ್ಸ್ ತಿರುಳಿಗೆ, ಅಂದರೆ 2.6 ಕರ್ನಲ್‌ಗೆ ಮಾರ್ಷಿಯನ್ ಹಾಕಿ.

ಸ್ಮಾರ್ಟ್ ಲಿಂಕಿಗೆ ಎಸ್‌ಎಲ್‌ಮೋಡೆಮ್. ಇದರಲ್ಲಿ ಸದ್ದಿನ ಕೆಲಸ ಎಲ್ಲ ಪ್ರೊಸೆಸರ್ ಮಾಡುತ್ತದೆ, ಎಸ್‌ಎಲ್‌ಮೋಡೆಮ್‌ಡಿ ಅನ್ನುವ ಪ್ರೋಗ್ರಾಂ ಹಿಂದೆ ಓಡುತ್ತಲೇ ಇರಬೇಕು. ನನ್ನ ಅನುಭವದಲ್ಲಿ ಇದು ಬಹಳ ಗಟ್ಟಿ ಡ್ರೈವರ್.

ಕೊನೆಕ್ಸೆಂಟಿನಲ್ಲಿ ಎರಡು ಮನೆತನ, ಎಚ್‌ಸಿಎಫ್ ಮತ್ತು ಎಚ್‌ಎಸ್‌ಎಫ್. ಡಿಎಸ್‌ಪಿ ಕಾರ್ಡಿನ ಮೇಲೆ ಇರುವುದು ಎಚ್‌ಸಿಎಫ್, ಅದೂ ಇಲ್ಲದ್ದು ಎಚ್‌ಎಸ್‌ಎಫ್. ಎರಡಕ್ಕೂ ಲಿನಕ್ಸೆಂಟ್ ಕಂಪನಿಯ ಡ್ರೈವರ್ ಇತ್ತು. ಪುಕ್ಕಟೆ ಇಳಿಸಿದರೆ ವೇಗ 14.4 ಕಿಲೋಬಿಟ್‌ಗೆ ನಿಲ್ಲುತ್ತಿತ್ತು, ಪೂರ್ತಿ ವೇಗಕ್ಕೆ ಲೈಸೆನ್ಸ್ ಕೊಳ್ಳಬೇಕಿತ್ತು. ಮಿಂಚಂಚೆಗೆ 14.4 ಸಾಕಾಗಬಹುದು, ಅಡಿಕೆ ಧಾರಣೆ ನೋಡೋಕೂ ಸಾಕು. ಜಾಸ್ತಿ ಬೇಕು ಅಂದರೆ ಆ ದುಡ್ಡಿಗೆ ಬೇರೆ ಕಾರ್ಡ್ ಸಿಗುತ್ತದಾ ಅಂತ ಮೊದಲು ವಿಚಾರಿಸಿ.

ಇಂಟೆಲಿನ 536ಇಪಿ ಮತ್ತು 537ಇಪಿಗೆ ಇಂಟೆಲೇ ಡ್ರೈವರ್ ಕೊಟ್ಟಿದೆ, ಹೊಸ ಕರ್ನಲ್ ಮೇಲೆ ಕಟ್ಟುವಾಗ (ಕಂಪೈಲ್ ಮಾಡುವಾಗ) ತೊಡಕು ಬರುತ್ತದೆ. ಪಿಸಿಟೆಲ್ ಮತ್ತು ಮೊಟೊರೊಲಾ ಎಸ್‌ಎಂ56 ಸಿಕ್ಕಿದವರಿಗೆ ನೇರವಾಗಿ ಹೇಳುತ್ತೇನೆ: ಸಮಯ ಹಾಕಬೇಡಿ. ಕಾರ್ಡು ಬದಲಿಸಿ, ಇಲ್ಲವೇ ಸೀರಿಯಲ್ ಪೋರ್ಟಿಗೆ ಹಾಕುವ ಹೊರಗಿನ ಮೋಡೆಮ್ ಹಳೆಯದು ಸಿಕ್ಕರೆ ತನ್ನಿ. ಅದು ಯಾವ ಡ್ರೈವರೂ ಇಲ್ಲದೇ ಓಡುತ್ತದೆ. ಯುಎಸ್‌ಬಿ ಮೋಡೆಮ್ ಕೊಳ್ಳುವಾಗ ಮಾತ್ರ ಹುಷಾರು, ಅದರೊಳಗೂ ವಿನ್‌ಮೋಡೆಮ್ ಚಿಪ್ಪು ಇರಬಹುದು. ಸಿಕ್ಕಿಸಿದ ಕೂಡಲೇ ಟಿಟಿವೈಎಸಿಎಂ0 ಅಂತ ಹುಟ್ಟಿದರೆ ಅದು ಒಳ್ಳೆಯ ಜಾತಿ.

ನೆಟ್ಟೇ ಇಲ್ದೇ ನೆಟ್ಟಿನ ಡ್ರೈವರ್ ತರೋದು ಹ್ಯಾಂಗೆ ಮಾರಾಯ್ರೆ?

ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಪೇಟೆಗೆ ಹೋದಾಗ ಸೈಬರ್ ಕೆಫೆಯಲ್ಲಿ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಂಡು ಬರಬೇಕು, ಬೇರೆ ದಾರಿ ಇಲ್ಲ. ಘಟ್ಟ ಹತ್ತಿ ಇಳಿದು ಮನೆಗೆ ಬಂದ ಮೇಲೆ ಒಂದು ಫೈಲ್ ಬಿಟ್ಟುಹೋಗಿದೆ ಅಂತ ಗೊತ್ತಾದರೆ ಒಂದು ದಿನ ಹಾಳು. ಹಾಗಾಗಿ ಹೊರಡುವ ಮೊದಲು ಮನೆಯಲ್ಲೇ ಎರಡು ವಿಷಯ ಬರೆದುಕೊಳ್ಳಿ. ಒಂದು, ಮೇಲೆ ಹೇಳಿದ ಚಿಪ್ ಗುರುತು. ಇನ್ನೊಂದು, ಯುನೇಮ್ ಆದೇಶಕ್ಕೆ ಮೈನಸ್ ಆರ್ ಸೇರಿಸಿ ಕೊಟ್ಟಾಗ ಬರುವ ಕರ್ನಲ್ ಆವೃತ್ತಿ, ಕೊನೆಯ ಅಂಕಿ ಮತ್ತು ಅಕ್ಷರದವರೆಗೂ.

ಡ್ರೈವರ್ ಹೆಚ್ಚಾಗಿ ಬರೆದ ಮೂಲ ರೂಪದಲ್ಲಿ (ಸೋರ್ಸ್) ಬರುತ್ತದೆ. ಅದನ್ನು ನಿಮ್ಮ ಕಂಪ್ಯೂಟರಿನಲ್ಲೇ ಕಟ್ಟಬೇಕು. ಅದಕ್ಕೆ ಜಿಸಿಸಿ ಕಂಪೈಲರ್, ಮೇಕ್ ಮತ್ತು ನಿಮ್ಮ ಕರ್ನಲ್ಲಿನ ಹೆಡರ್ ಫೈಲುಗಳು ಬೇಕು. ಹೆಡರಿನ ಆವೃತ್ತಿ ಓಡುತ್ತಿರುವ ಕರ್ನಲ್ಲಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು, 'ಹತ್ತಿರ ಇದೆ' ಅಂದರೆ ನಡೆಯುವುದಿಲ್ಲ. ಡೆಬಿಯನ್ ಡಿವಿಡಿ ಇದ್ದರೆ ಇವು ಅದರಲ್ಲೇ ಸಿಗುತ್ತವೆ. ಡಿಸ್ಕ್ ಹಾಕಿ ಆಪ್ಟ್-ಸಿಡಿರಾಮ್ ಆಡ್ ಅಂತ ಕೊಟ್ಟರೆ ನೆಟ್ ಇಲ್ಲದೇ ಅಲ್ಲಿಂದಲೇ ಹಾಕಿಕೊಳ್ಳುತ್ತದೆ. ಶಿಪ್‌ಇಟ್‌ನಿಂದ (ಸೀಡಿ ಕಳಿಸುತ್ತಿದ್ದ ಉಬುಂಟು ಸೇವೆ, 2011ರಲ್ಲಿ ನಿಂತಿತು) ಅಂಚೆಯಲ್ಲಿ ಪುಕ್ಕಟೆ ಬಂದ ಉಬುಂಟು ಸೀಡಿಯನ್ನೂ ಹೀಗೆ ತೋರಿಸಿ, ಅದರಲ್ಲಿ ಇರುವಷ್ಟು ತೆಗೆದುಕೊಂಡು, ಇಲ್ಲದ್ದನ್ನು ಮಾತ್ರ ಪೇಟೆಯಿಂದ ತನ್ನಿ.

ಮತ್ತೊಂದು ಮಾತು. ಈ ಡ್ರೈವರುಗಳ ಒಳಗೆ ಕಂಪನಿಯವರು ಮೂಲ ಕೊಡದೇ ಮುಚ್ಚಿಟ್ಟ ಒಂದು ತುಂಡು ಇರುತ್ತದೆ. ಅದು ಹೆಚ್ಚಾಗಿ 32 ಬಿಟ್‌ಗೆ ಮಾಡಿದ್ದು. ಡಯಲಪ್ ಮನೆಯ ಕಂಪ್ಯೂಟರಿಗೆ 32 ಬಿಟ್ ಲಿನಕ್ಸೇ ಹಾಕಿ, ಪ್ರೊಸೆಸರ್ ಎಷ್ಟೇ ಹೊಸದಿದ್ದರೂ.

ನಿನ್ನೆವರೆಗೆ ಸರಿ ಇತ್ತು, ಅಪ್‌ಡೇಟ್ ಮಾಡಿದೆ, ಇವತ್ತು ಮೋಡೆಮ್ ಇಲ್ಲ!

ಅಪ್‌ಡೇಟಿನಲ್ಲಿ ಹೊಸ ಕರ್ನಲ್ ಬಂದಿದೆ. ಡ್ರೈವರ್ ಹಳೆ ಕರ್ನಲ್ಲಿಗೆ ಕಟ್ಟಿದ್ದು. ಕಂಪ್ಯೂಟರ್ ಶುರುವಾಗುವಾಗ ಗ್ರಬ್ ಪಟ್ಟಿಯಲ್ಲಿ ಹಳೆ ಕರ್ನಲ್ ಆರಿಸಿ, ಮೋಡೆಮ್ ವಾಪಸ್ ಬರುತ್ತದೆ. ಅದರಲ್ಲೇ ಡಯಲ್ ಮಾಡಿ ಹೊಸ ಹೆಡರ್ ಇಳಿಸಿಕೊಂಡು, ಆಮೇಲೆ ಹೊಸದಕ್ಕೆ ಕಟ್ಟಿ. ಹಳೆ ಕರ್ನಲ್ ತೆಗೆದುಹಾಕಬೇಡಿ.

ಲ್ಯಾಪ್‌ಟಾಪಲ್ಲಿ ಫೋನ್ ವಾಯರ್ ಹಾಕೋ ತೂತು ಅದೆ, ಲಿಸ್ಟಲ್ಲಿ ಮೋಡೆಮ್ ಕಾಣೋದೇ ಇಲ್ಲ

ಲ್ಯಾಪ್‌ಟಾಪಿನಲ್ಲಿ ಮೋಡೆಮ್ ಹೆಚ್ಚಾಗಿ ಸೌಂಡ್ ಕಾರ್ಡಿನ ಸಂಬಂಧಿ. ಎಪ್ಲೇ ಆದೇಶಕ್ಕೆ ಮೈನಸ್ ಎಲ್ ಸೇರಿಸಿ ಕೊಟ್ಟು ನೋಡಿ, ಸೌಂಡ್ ಸಾಧನಗಳ ಪಟ್ಟಿಯಲ್ಲಿ 'ಮೋಡೆಮ್' ಅಂತ ಒಂದು ಸಾಲು ಕಾಣಬಹುದು. ಇಂಟೆಲಿನ ಎಸಿ97 ಜಾತಿಯದಾದರೆ ಕರ್ನಲ್ಲಿನಲ್ಲೇ ಎಸ್‌ಎನ್‌ಡಿ-ಇಂಟೆಲ್8ಎಕ್ಸ್0ಎಂ ಅನ್ನುವ ಡ್ರೈವರ್ ಇದೆ, ಕಟ್ಟುವ ಕೆಲಸವೇ ಇಲ್ಲ. ಅದರ ಮೇಲೆ ಎಸ್‌ಎಲ್‌ಮೋಡೆಮ್‌ಡಿಯನ್ನು ಆಲ್ಸಾ (ಲಿನಕ್ಸಿನ ಸೌಂಡ್ ವ್ಯವಸ್ಥೆ) ಆಯ್ಕೆ ಕೊಟ್ಟು, ಪಟ್ಟಿಯಲ್ಲಿ ಕಂಡ ಕಾರ್ಡ್ ಸಂಖ್ಯೆ ಹೇಳಿ ಓಡಿಸಿದರೆ ಸಾಕು. ಚಿಪ್ಪಿನ ಮೇಲೆ ಸ್ಮಾರ್ಟ್ ಲಿಂಕ್ ಹೆಸರೇ ಇಲ್ಲದಿದ್ದರೂ ಇದು ಎಷ್ಟೋ ಕಡೆ ಕೆಲಸ ಮಾಡುತ್ತದೆ.

## ಡಯಲ್ ಮಾಡುವುದು

ಡ್ರೈವರ್ ಆಯ್ತು. ಈಗ ನೆಟ್ಟಿಗೆ ಹೋಗೋದು ಹೇಗೆ?

ಚಿತ್ರದ ಬಟನ್ ಇರುವ ಕೆಪಿಪಿಪಿ, ಗ್ನೋಮ್-ಪಿಪಿಪಿ ಇವೆ. ನಾನು ಡಬ್ಲ್ಯೂವಿಡಯಲ್ ಹೇಳುತ್ತೇನೆ, ಏಕೆಂದರೆ ತಪ್ಪಾದರೆ ಎಲ್ಲಿ ತಪ್ಪಾಯಿತು ಅಂತ ಕಣ್ಣೆದುರೇ ಬರೆದು ತೋರಿಸುತ್ತದೆ. ಮೊದಲು ಡಬ್ಲ್ಯೂವಿಡಯಲ್‌ಕಾನ್ಫ್ ಓಡಿಸಿ, ಅದು ಮೋಡೆಮ್ ಹುಡುಕಿ ಇಟಿಸಿ ಫೋಲ್ಡರಿನಲ್ಲಿ ಸೆಟ್ಟಿಂಗ್ ಫೈಲ್ ಬರೆಯುತ್ತದೆ. ಅದನ್ನು ತೆರೆದು ಫೋನ್, ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿ. ಸಂಚಾರ್‌ನೆಟ್ (ಬಿಎಸ್‌ಎನ್‌ಎಲ್‌ನ ಡಯಲಪ್ ಸೇವೆ) ಇದ್ದಾಗ ಫೋನ್ 172222 ಆಗಿತ್ತು. ಈ ಮೂರು ಸಾಲಿನ ಮುಂದೆ ಅರ್ಧವಿರಾಮದ ಚಿಹ್ನೆ ಇರುತ್ತದೆ, ಅದನ್ನು ಅಳಿಸಬೇಕು, ಇಲ್ಲದಿದ್ದರೆ ನೀವು ತುಂಬಿದ್ದನ್ನು ಅದು ಓದುವುದೇ ಇಲ್ಲ. ಆಮೇಲೆ ಡಬ್ಲ್ಯೂವಿಡಯಲ್ ಅಂತ ಕೊಡಿ.

ಎಸ್‌ಎಲ್‌ಮೋಡೆಮ್ ಬಳಸುವವರು ಮೋಡೆಮ್ ಸಾಲಿನಲ್ಲಿ ಟಿಟಿವೈಎಸ್‌ಎಲ್0 ಅಂತ ಕೈಯಲ್ಲೇ ಬರೆಯಿರಿ, 'ಕ್ಯಾರಿಯರ್ ಚೆಕ್' ಅಂದರೆ 'ನೋ' ಅಂತ ಒಂದು ಸಾಲು ಸೇರಿಸಿ. ಕನೆಕ್ಟ್ ಆದ ಮೇಲೆ ವಿಚಿತ್ರ ಅಕ್ಷರಗಳು ಬಂದು ಅಲ್ಲೇ ನಿಂತರೆ 'ಸ್ಟುಪಿಡ್ ಮೋಡ್' ಆನ್ ಮಾಡಿ. ಆಗ ಅದು ಲಾಗಿನ್ ಪ್ರಶ್ನೆಗಾಗಿ ಕಾಯದೇ ನೇರ ಪಿಪಿಪಿ (ಫೋನ್ ತಂತಿಯಲ್ಲಿ ನೆಟ್ ಮಾಹಿತಿ ಸಾಗಿಸುವ ಪದ್ಧತಿ) ಶುರು ಮಾಡುತ್ತದೆ.

ಫೋನಲ್ಲಿ ಟೋನ್ ಕೇಳ್ತದೆ, ಮೋಡೆಮ್ ಮಾತ್ರ 'ನೋ ಡಯಲ್‌ಟೋನ್' ಅಂತದೆ

ಮೊದಲು ತಂತಿ ಸರಿಯಾದ ತೂತಿನಲ್ಲಿ ಇದೆಯಾ ನೋಡಿ. ಕಾರ್ಡಿನಲ್ಲಿ ಎರಡಿರುತ್ತದೆ, 'ಲೈನ್' ಅಂತ ಬರೆದಿದ್ದಕ್ಕೆ ಗೋಡೆಯ ತಂತಿ ಬರಬೇಕು. ಅದು ಸರಿ ಇದ್ದರೆ ಕಾರಣ ದೇಶದ ಸೆಟ್ಟಿಂಗ್. ಒಂದೊಂದು ದೇಶದ ಡಯಲ್ ಟೋನ್ ಒಂದೊಂದು ಬಗೆ, ಮೋಡೆಮ್ ಅಮೆರಿಕದ ಟೋನಿಗೆ ಕಿವಿ ಕೊಟ್ಟು ಕೂತಿರುತ್ತದೆ. ಎಸ್‌ಎಲ್‌ಮೋಡೆಮ್‌ಡಿ ಶುರು ಮಾಡುವಾಗಲೇ ಕಂಟ್ರಿ ಆಯ್ಕೆಯಲ್ಲಿ ಇಂಡಿಯಾ ಅಂತ ದೊಡ್ಡಕ್ಷರದಲ್ಲಿ ಕೊಡಬಹುದು. ಬೇರೆ ಹಲವು ಮೋಡೆಮ್ಮಿಗೆ ಎಟಿ+ಜಿಸಿಐ=53, ಅದು ಭಾರತದ ಸಂಕೇತ. ಅದಕ್ಕೂ ಬಗ್ಗದಿದ್ದರೆ ಡಬ್ಲ್ಯೂವಿಡಯಲ್ ಸೆಟ್ಟಿಂಗ್ ಫೈಲಿನ ಇನಿಟ್ ಸಾಲಿನಲ್ಲಿ ಎಟಿಎಕ್ಸ್3 ಸೇರಿಸಿ, ಟೋನಿಗೆ ಕಾಯದೇ ಡಯಲ್ ಮಾಡು ಅಂತ ಅದರ ಅರ್ಥ. ರಾತ್ರಿ ಮನೆಯವರ ನಿದ್ದೆ ಕೆಡಿಸುವ ಆ ಕಿರ್ರ್ ಸದ್ದು ಬೇಡ ಅಂದರೆ ಅದೇ ಸಾಲಿಗೆ ಎಂ0 ಸೇರಿಸಿ.

ಸುಡೋ ಇಲ್ದೇ ಡಯಲ್ ಆಗೋದಿಲ್ಲ. ತಂಗಿಗೆ ಅಡ್ಮಿನ್ ಪಾಸ್‌ವರ್ಡ್ ಕೊಡ್ಬೇಕಾ?

ಬೇಡ. ಅವಳ ಖಾತೆಯನ್ನು ಡಯಲ್‌ಔಟ್ ಮತ್ತು ಡಿಪ್ ಅನ್ನುವ ಎರಡು ಗುಂಪಿಗೆ ಸೇರಿಸಿ. ಒಮ್ಮೆ ಲಾಗೌಟ್ ಮಾಡಿ ಬಂದ ಮೇಲೆ ಜಾರಿಗೆ ಬರುತ್ತದೆ.

ಕನೆಕ್ಟ್ ಅಂತ ಬರ್ತದೆ, ಐಪಿ ನಂಬರೂ ಬರ್ತದೆ, ಒಂದು ಪೇಜೂ ತೆರೆಯೋದಿಲ್ಲ

ಮೊದಲು ಫೈರ್‌ಫಾಕ್ಸಿನ ಫೈಲ್ ಮೆನುವಿನಲ್ಲಿ 'ವರ್ಕ್ ಆಫ್‌ಲೈನ್' ಮುಂದೆ ಟಿಕ್ ಇದ್ದರೆ ತೆಗೆಯಿರಿ. ಉಬುಂಟು 8.04ರ ನೆಟ್‌ವರ್ಕ್ ಮ್ಯಾನೇಜರಿಗೆ ನೀವು ಡಬ್ಲ್ಯೂವಿಡಯಲ್‌ನಿಂದ ಡಯಲ್ ಮಾಡಿದ್ದು ಗೊತ್ತಿರುವುದಿಲ್ಲ, ನೆಟ್ ಇಲ್ಲ ಅಂತ ಅದು ಬ್ರೌಸರಿಗೆ ಹೇಳಿಬಿಡುತ್ತದೆ.

ಅದಲ್ಲದಿದ್ದರೆ ತಾಣದ ಹೆಸರಿಗೆ ಐಪಿ ಅಂಕಿ ಹುಡುಕಿಕೊಡುವ ಡಿಎನ್‌ಎಸ್. ಯಾವುದಾದರೂ ಐಪಿ ಅಂಕಿಗೆ ಪಿಂಗ್ (ತಲುಪುತ್ತದಾ ಅಂತ ನೋಡುವ ಆದೇಶ) ಹೋಗಿ ಹೆಸರಿಗೆ ಹೋಗದಿದ್ದರೆ ಇದೇ ಕಾರಣ. ಪಿಪಿಪಿ ಆಯ್ಕೆಗಳಲ್ಲಿ ಯೂಸ್‌ಪಿಯರ್‌ಡಿಎನ್‌ಎಸ್ ಇರಲಿ.

ಅಂಕಿಗೂ ಪಿಂಗ್ ಹೋಗದಿದ್ದರೆ ದಾರಿ ತಪ್ಪಿದೆ. ನೆಟ್‌ವರ್ಕ್ ಕಾರ್ಡಿಗೆ ಹಿಂದೆ ಯಾವಾಗಲೋ ಕೊಟ್ಟ, ಮಾಹಿತಿ ಹೊರಗೆ ಹೋಗುವ ಬಾಗಿಲಾದ ಗೇಟ್‌ವೇ ಹಾಗೇ ಉಳಿದಿರುತ್ತದೆ, ಪಿಪಿಪಿ ಅದನ್ನು ಮುಟ್ಟುವುದಿಲ್ಲ, ನಿಮ್ಮ ಮಾಹಿತಿಯೆಲ್ಲ ತಂತಿಯೇ ಇಲ್ಲದ ಕಾರ್ಡಿಗೆ ಹೋಗಿ ಸಾಯುತ್ತದೆ. ಆ ಗೇಟ್‌ವೇ ತೆಗೆಯಿರಿ. 'ಎದುರಿನ ಕಂಪ್ಯೂಟರ್ ತನ್ನ ಗುರುತು ಹೇಳಬೇಕು' ಅನ್ನುವ ಅರ್ಥದ ಸಂದೇಶ ಬಂದು ಕಟ್ ಆಗುವುದಕ್ಕೂ ಹೆಚ್ಚಾಗಿ ಇದೇ ಮೂಲ, ಅದಕ್ಕೆ ನೋಆತ್ ಅನ್ನುವ ಆಯ್ಕೆಯನ್ನೂ ಸೇರಿಸಿ.

## ತಂತಿ, ಮಳೆ, ಸಿಡಿಲು

56ಕೆ ಅಂತ ಬರೆದದೆ, ಬರೋದು 31,200. ಲಿನಕ್ಸ್ ನಿಧಾನ ಅಲ್ವಾ?

ಅಲ್ಲ. ಪರದೆ ಮೇಲೆ ಕಾಣುವ 115200 ಕಂಪ್ಯೂಟರಿಗೂ ಮೋಡೆಮ್ಮಿಗೂ ನಡುವಿನ ವೇಗ, ತಂತಿಯದಲ್ಲ. 1998ರ ವಿ.90 ಪದ್ಧತಿಯಲ್ಲಿ ಇಳಿಯುವ ವೇಗ ಹೆಚ್ಚೆಂದರೆ 56 ಕಿಲೋಬಿಟ್, ಏರುವ ವೇಗ 33.6. ಅದೂ ನಿಮ್ಮ ಮನೆಯಿಂದ ಆ ಕಡೆಯ ಸರ್ವರ್‌ವರೆಗೆ ಸದ್ದು ಒಂದೇ ಸಲ ಅಂಕಿಯಾಗಿ ಬದಲಾದರೆ ಮಾತ್ರ. ನಡುವೆ ಇನ್ನೊಂದು ಸಲ ಅದಲುಬದಲಾದರೆ, ಒಂದೇ ಜೋಡಿ ತಂತಿಯಲ್ಲಿ ಎರಡು ಮನೆಗೆ ಫೋನ್ ಕೊಟ್ಟ ಕಡೆ ಹೀಗಾಗುತ್ತದೆ, ಆಗ ಮೋಡೆಮ್ 33.6ರ ಹಳೆ ಪದ್ಧತಿಗೆ ಇಳಿಯುತ್ತದೆ. ಯಾವ ಸಾಫ್ಟ್‌ವೇರೂ ಅದನ್ನು ಮೇಲೆ ಎತ್ತಲಾರದು.

ಒಳ್ಳೆ ಲೈನಿನಲ್ಲಿ 44 ಬಂದರೆ ಸೆಕೆಂಡಿಗೆ ಸುಮಾರು 5 ಕಿಲೋಬೈಟ್ ಇಳಿಯುತ್ತದೆ. 700 ಎಂಬಿಯ ಒಂದು ಸೀಡಿಗೆ ಸುಮಾರು 40 ಗಂಟೆ. ಸೀಡಿ ಅಂಚೆಯಲ್ಲಿ ತರಿಸುವುದೇ ಮೇಲಾಗಿತ್ತು.

ಮಳೆ ಶುರುವಾದ್ರೆ ಸಾಕು, ಹತ್ತು ನಿಮಿಷಕ್ಕೊಮ್ಮೆ ಕಟ್

ಜೂನ್ ಬಂತೆಂದರೆ ಎಲ್ಲರದೂ ಇದೇ ದೂರು. ಪರೀಕ್ಷೆ ಸುಲಭ. ಫೋನ್ ಎತ್ತಿ, ಒಂದು ಅಂಕಿ ಒತ್ತಿ ಟೋನ್ ನಿಲ್ಲಿಸಿ, ಸುಮ್ನೆ ಕೇಳಿ. ಗರಗರ ಅಂದರೆ ಎಲ್ಲೋ ಜೋಡಣೆಗೆ ನೀರು ಹೋಗಿದೆ. ಎಕ್ಸ್‌ಚೇಂಜಿಗೆ ದೂರು ಕೊಡುವಾಗ 'ನೆಟ್ ಬರೋದಿಲ್ಲ' ಅನ್ನಬೇಡಿ, 'ಮಾತಾಡುವಾಗ ಗರಗರ ಸದ್ದು' ಅನ್ನಿ. ಲೈನ್‌ಮನ್ ಬಂದು ನೋಡುವುದು ಸದ್ದನ್ನು, ನಿಮ್ಮ ಕಂಪ್ಯೂಟರನ್ನಲ್ಲ.

ಮನೆಯೊಳಗಿನದು ನಿಮ್ಮ ಕೈಯಲ್ಲಿದೆ. ತಂತಿ ಒಳಗೆ ಬರುವ ಡಬ್ಬಿಯಿಂದ ಮೋಡೆಮ್ಮಿಗೆ ಒಂದೇ ತುಂಡು ತಂತಿ ಎಳೆಯಿರಿ, ತಿರುಚಿ ಟೇಪ್ ಸುತ್ತಿದ ಜೋಡಣೆ ಬೇಡ. ಮಹಡಿಯ ಎಕ್ಸ್‌ಟೆನ್ಶನ್, ನಂಬರ್ ತೋರಿಸುವ ಡಬ್ಬಿ ಎಲ್ಲ ಒಮ್ಮೆ ತೆಗೆದು ನೋಡಿ. ಕಾಲ್ ವೇಟಿಂಗ್ ಇದ್ದರೆ ತೆಗೆಸಿ, ಅದರ ಬೀಪ್ ಸದ್ದೊಂದೇ ಸಾಕು ಕಟ್ ಮಾಡೋಕೆ. ಕಾರವಾರ, ಗೋಕರ್ಣದ ಕಡೆಯವರು ಕಾರ್ಡನ್ನೇ ಬಿಚ್ಚಿ ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ನೋಡಬೇಕು. ಉಪ್ಪುಗಾಳಿಗೆ ಮಬ್ಬಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ.

ಇಷ್ಟಾದ ಮೇಲೂ ಉಳಿದ ಗದ್ದಲಕ್ಕೆ ಎರಡು ಆದೇಶ ಇವೆ. ಎಟಿಎಸ್10=50 ಕೊಟ್ಟರೆ ಎದುರಿನ ಸದ್ದು ಒಂದು ಕ್ಷಣ ತಪ್ಪಿದರೂ ಮೋಡೆಮ್ 5 ಸೆಕೆಂಡ್ ಕಾಯುತ್ತದೆ, ಕೂಡಲೇ ಫೋನ್ ಇಡುವುದಿಲ್ಲ. ಕೊನೆಕ್ಸೆಂಟ್, ಲೂಸೆಂಟ್ ಚಿಪ್ಪುಗಳಲ್ಲಿ ಎಟಿ+ಎಂಎಸ್=ವಿ34 ಕೊಟ್ಟರೆ 33.6ರ ಹಳೆ ಪದ್ಧತಿಯಲ್ಲೇ ಇರುತ್ತದೆ, ವಿ.90ಕ್ಕೆ ಹೋಗುವುದೇ ಇಲ್ಲ. 42ರಲ್ಲಿ ಹತ್ತು ಸಲ ಕಟ್ ಆಗುವುದಕ್ಕಿಂತ 28ರಲ್ಲಿ ತಾಸುಗಟ್ಟಲೆ ನಿಲ್ಲುವುದು ಮೇಲು. ಮಳೆಗಾಲದ ನಾಲ್ಕು ತಿಂಗಳು ಹೀಗೇ ಇಡಿ ಅಂತ ನಾನು ಎಲ್ಲರಿಗೂ ಹೇಳುವುದು.

ಗುಡುಗಿದಾಗ ಕಂಪ್ಯೂಟರ್ ಬಂದ್ ಮಾಡಿದ್ದೆ, ಆದ್ರೂ ಮೋಡೆಮ್ ಹೋಯ್ತು. ಹ್ಯಾಂಗೆ?

ಸಿಡಿಲು ಬರುವುದು ಕರೆಂಟಿನ ದಾರಿಯಲ್ಲಿ ಮಾತ್ರ ಅಲ್ಲ. ತೋಟ, ಬ್ಯಾಣ, ಗುಡ್ಡದ ಮೇಲೆ ಎಷ್ಟೋ ದೂರ ಬಯಲಲ್ಲಿ ಬರುವ ಫೋನ್ ತಂತಿಯೇ ಅದಕ್ಕೆ ದೊಡ್ಡ ದಾರಿ. ಒಳಗಿನ ಮೋಡೆಮ್ ಆದರೆ ಅದು ಮದರ್‌ಬೋರ್ಡಿಗೂ ಹೋಗಬಹುದು. ಏಪ್ರಿಲ್, ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರಿನಲ್ಲಿ, ಕೆಲಸ ಮುಗಿದ ಕೂಡಲೇ ಫೋನ್ ತಂತಿಯನ್ನು ಮೋಡೆಮ್ಮಿನಿಂದ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಕೀಳಲು ಓಡಬೇಡಿ, ಆಗ ಅದನ್ನು ಮುಟ್ಟುವುದೇ ಅಪಾಯ. ಫೋನ್ ತಂತಿಗೂ ಜಾಗ ಇರುವ ಸರ್ಜ್ ಪ್ರೊಟೆಕ್ಟರ್ ಸಿಗುತ್ತದೆ, ಆದರೆ ಮನೆಯ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದರಿಂದ ಪ್ರಯೋಜನ ಇಲ್ಲ.

ಸಿಡಿಲು ಬಡಿದ ಕಾರ್ಡನ್ನು ಗುರುತಿಸುವಾಗ ಒಂದು ಮೋಸ ಇದೆ. ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಅದು ಹಾಗೇ ಕಾಣುತ್ತದೆ, ಎಟಿ ಅಂದರೆ ಓಕೆ ಅಂತಲೂ ಹೇಳುತ್ತದೆ, ಏಕೆಂದರೆ ಕಂಪ್ಯೂಟರಿನ ಕಡೆಯ ಅರ್ಧ ಬದುಕಿರುತ್ತದೆ. ತಂತಿಯ ಕಡೆಯ ಅರ್ಧ ಸತ್ತಿರುತ್ತದೆ. ಎಟಿಎಕ್ಸ್3 ಕೊಟ್ಟು ಡಯಲ್ ಮಾಡಿಸಿ, ಅದೇ ಲೈನಿನ ಇನ್ನೊಂದು ಫೋನ್ ಎತ್ತಿ ಕೇಳಿ. ಅಂಕಿಗಳ ಸದ್ದೇ ಬಾರದಿದ್ದರೆ ಹೊಸ ಕಾರ್ಡ್ ತನ್ನಿ, ಡ್ರೈವರ್ ಜೊತೆ ಗುದ್ದಾಡಬೇಡಿ.

## ಇನ್ನೂ ಮುಂದೆ ಹೋಗುವವರಿಗೆ

ಒಂದು ಡಯಲಪ್ಪಲ್ಲಿ ಮನೆಯ ಎರಡು ಕಂಪ್ಯೂಟರಿಗೂ ನೆಟ್ ಕೊಡಬಹುದಾ?

ಕೊಡಬಹುದು. ಎರಡನ್ನೂ ನೆಟ್‌ವರ್ಕ್ ತಂತಿಯಿಂದ ಜೋಡಿಸಿ. ಮೋಡೆಮ್ ಇರುವುದರಲ್ಲಿ ಐಪಿ ಫಾರ್ವರ್ಡ್ ಆನ್ ಮಾಡಿ, ಲಿನಕ್ಸಿನ ಫೈರ್‌ವಾಲ್ ಆದ ಐಪಿಟೇಬಲ್ಸಿನಲ್ಲಿ ಪಿಪಿಪಿ0 (ಡಯಲಪ್ ಸಂಪರ್ಕ) ಕಡೆಗೆ, ಎರಡೂ ಕಂಪ್ಯೂಟರಿನ ಮಾಹಿತಿಯನ್ನು ಒಂದೇ ವಿಳಾಸದಿಂದ ಕಳಿಸುವ ಮಾಸ್ಕರೇಡ್ ನಿಯಮ ಹಾಕಿ. ಎರಡನೆಯದಕ್ಕೆ ಗೇಟ್‌ವೇ ಮೊದಲನೆಯದು, ಮೊದಲನೆಯದಕ್ಕೆ ಮಾತ್ರ ಗೇಟ್‌ವೇ ಖಾಲಿ ಬಿಡಿ. ವೇಗ ಇಬ್ಬರಿಗೂ ಹಂಚಿಹೋಗುತ್ತದೆ. ಚಿತ್ರ ಇಳಿಸುವುದನ್ನು ಎರಡೂ ಬ್ರೌಸರಿನಲ್ಲಿ ನಿಲ್ಲಿಸಿದರೆ ಓದಲು ಸಾಕಷ್ಟು ಬರುತ್ತದೆ.

ಶಿರಸಿ ಮನೆಯಿಂದ ಕಾರವಾರದ ಅಣ್ಣನ ಕಂಪ್ಯೂಟರಿಗೆ ನೇರ ಡಯಲ್ ಮಾಡಿ ಫೈಲ್ ಕಳಿಸ್ಬಹುದಾ?

ಆಗುತ್ತದೆ, ಇದು ಲಿನಕ್ಸಿನ ಚೆಂದದ ಕೆಲಸಗಳಲ್ಲಿ ಒಂದು. ಕಾರವಾರದ ಕಡೆ ಎಂಗೆಟ್ಟಿ ಹಾಕಿ, ಅದು ರಿಂಗ್ ಕೇಳಿ ಫೋನ್ ಎತ್ತಿ ಪಿಪಿಪಿಗೆ ಕೊಡುತ್ತದೆ. ಎರಡೂ ತುದಿಯಲ್ಲಿ ಮನೆಯ ತಂತಿಯೇ ಇರುವುದರಿಂದ ವೇಗ 33.6 ಮೀರುವುದಿಲ್ಲ. ಎತ್ತುವ ಕಡೆ ಪೂರ್ತಿ ಮೋಡೆಮ್ ಇದ್ದರೆ ಒಳ್ಳೆಯದು, ವಿನ್‌ಮೋಡೆಮ್ ಡ್ರೈವರುಗಳು ಫೋನ್ ಎತ್ತುವ ಕೆಲಸದಲ್ಲಿ ಅಷ್ಟು ನಂಬಿಕೆಯವಲ್ಲ. ಕರೆಗೆ ದುಡ್ಡು ಬೀಳುತ್ತದೆ, ಹಾಗಾಗಿ ಫೈಲುಗಳನ್ನು ಮೊದಲೇ ಜಿಪ್ ಮಾಡಿ, ಆರ್‌ಸಿಂಕ್‌ನಿಂದ ಕಳಿಸಿ. ಅರ್ಧಕ್ಕೆ ಕಟ್ ಆದರೆ ಉಳಿದದ್ದು ಮಾತ್ರ ಮುಂದುವರಿಯಲಿ ಅಂತ ಪಾರ್ಷಿಯಲ್ ಆಯ್ಕೆಯನ್ನೂ ಕೊಡಿ.

ಫ್ಯಾಕ್ಸ್ ಹೋಗ್ತದಾ?

ಹೋಗುತ್ತದೆ. ಒಂದೆರಡು ಹಾಳೆಗೆ ಇಫ್ಯಾಕ್ಸ್ ಸಾಕು, ಕಚೇರಿಗೆ ಆದರೆ ಹೈಲಾಫ್ಯಾಕ್ಸ್. ಎಟಿ+ಎಫ್‌ಕ್ಲಾಸ್=? ಅಂತ ಮೋಡೆಮ್ಮಿಗೇ ಕೇಳಿ, ಉತ್ತರದಲ್ಲಿ 1 ಇದ್ದರೆ ಅದಕ್ಕೆ ಫ್ಯಾಕ್ಸ್ ಗೊತ್ತಿದೆ. ಕನ್ನಡದ ಕಾಗದವನ್ನು ಮೊದಲು ಪೋಸ್ಟ್‌ಸ್ಕ್ರಿಪ್ಟಿಗೆ ಮುದ್ರಿಸಿ, ಒತ್ತಕ್ಷರ ಎಲ್ಲ ಸರಿ ಬಂದಿದೆಯಾ ಅಂತ ಪರದೆಯಲ್ಲಿ ನೋಡಿಕೊಂಡು ಕಳಿಸಿ. ಅಕ್ಷರದ ಗಾತ್ರ 14ಕ್ಕಿಂತ ಕಡಿಮೆ ಇಡಬೇಡಿ, ಆ ಕಡೆ ಒತ್ತು ಅಳಿಸಿಹೋಗುತ್ತದೆ.